ಸುತ್ತು ಹಾಕದೆ ಇಳಿದ ವಿಮಾನ

ಲೋಮುರಿಯಾನನ್ನು ಊರಿನವರು ಪೈಲಟ್ ಎಂದು ಕರೆಯುತ್ತಿದ್ದುದು ಗೌರವದಿಂದಲ್ಲ. ತುರ್ಕಾನಾ ಸರೋವರದ ದಂಡೆಯ ಆ ಊರಿನಲ್ಲಿ ವಿಮಾನ ಇಳಿಯುವ ಮಣ್ಣಿನ ಪಟ್ಟಿಯಿಂದ ಮೇಕೆ, ಕತ್ತೆಗಳನ್ನು ಓಡಿಸುವುದು ಅವನ ಕೆಲಸವಾಗಿತ್ತು. ಹದಿನಾರು ವರ್ಷದ ಹಿಂದೆ ನೆರೆಯ ಬುಡಕಟ್ಟಿನವರು ಅವನ ಮಂದೆಯನ್ನು ಒಂದೂ ಬಿಡದೆ ಹೊಡೆದುಕೊಂಡು ಹೋದರು. ಮೇಕೆಯಿಲ್ಲದ ಗಂಡಸಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಅಂಥ ಹೊತ್ತಿನಲ್ಲಿ ವಿಮಾನ ಕಂಪನಿಯ ಪೈಲಟ್ ಒಬ್ಬ ಅವನಿಗೊಂದು ಹಳದಿ ಅಂಗಿ, ಒಂದು ಸೀಟಿ ಕೊಟ್ಟು ಹೋದ. ಲೋಮುರಿಯಾ ಮತ್ತೆ ತಲೆಯೆತ್ತಿ ನಡೆದ. ಸ್ವಲ್ಪ ಜಂಭವೂ ಬಂತು, ಸುಳ್ಳೇಕೆ ಹೇಳಲಿ. ದಿನಾ ಬೆಳಿಗ್ಗೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆದು ಕಲ್ಲು ಹೆಕ್ಕುತ್ತಿದ್ದ. ಪ್ರತಿಫಲವೆಂದರೆ ಆಗೊಮ್ಮೆ ಈಗೊಮ್ಮೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು, ಅದೂ ವಿಮಾನದವರಿಗೆ ನೆನಪಾದರೆ.

ಅಲ್ಲಿ ವಿಮಾನ ನೇರವಾಗಿ ಇಳಿಯುವಂತಿಲ್ಲ. ಮೊದಲು ಪಟ್ಟಿಯ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾಕಬೇಕು. ಆ ಸದ್ದಿಗೇ ಊರು ಎದ್ದು ನಿಲ್ಲುತ್ತಿತ್ತು. ಚಹಾದಂಗಡಿಯ ಅತಾಬೊ ಒಲೆಯ ಮೇಲೆ ಪಾತ್ರೆ ಇಡುತ್ತಿದ್ದಳು, ಒಣಮೀನಿನವರು ಬುಟ್ಟಿ ಹೊರುತ್ತಿದ್ದರು, ಲೋಮುರಿಯಾ ಸೀಟಿ ಊದುತ್ತ ಓಡುತ್ತಿದ್ದ. ಎಷ್ಟೋ ಮೇಕೆಗಳು ಸದ್ದು ಕೇಳಿ ತಾವೇ ಬದಿಗೆ ಸರಿಯುವುದನ್ನು ಕಲಿತಿದ್ದವು.

"ಮೇಕೆಗಳೇ ಎದ್ದು ಹೋಗ್ತವಲ್ಲೋ ಪೈಲಟ್, ಮತ್ತೆ ನೀನ್ಯಾಕೆ?" ಎಂದು ಅತಾಬೊ ಕೆಣಕುವಳು.

"ಮೇಕೆಗೆ ಬುದ್ಧಿ ಇದೆ ಅಕ್ಕಾ. ಕತ್ತೆಗಳಿಗೆ, ನಿನ್ನಂಥೋರಿಗೆ ನಾನು ಬೇಕು."

ಆ ಬುಧವಾರ ವಿಮಾನ ತಡವಾಗಿತ್ತು. ಅದರ ಪೈಲಟ್‌ಗೆ ಇನ್ನೂ ಎರಡು ಊರು ಮುಗಿಸುವ ಅವಸರ. ಸರೋವರದ ಕಡೆಯಿಂದ ನೇರವಾಗಿ ಬಂದು ಇಳಿಸಿಯೇ ಬಿಟ್ಟ. ಎದುರುಗಾಳಿಗೆ ಸದ್ದೂ ಕೇಳಲಿಲ್ಲ. ಪಟ್ಟಿಯ ನಡುವೆ ಎರಡು ಕತ್ತೆಗಳಿದ್ದವು. ಲೋಮುರಿಯಾ ಓಡಿಹೋಗಿ ಅವನ್ನು ಅಟ್ಟಿದ. ಕತ್ತೆಗಳು ಉಳಿದವು. ಚಕ್ರ ಅವನ ಬಲಗಾಲಿನ ಮೇಲೆ ಹರಿಯಿತು. ವಿಮಾನ ಓರೆಯಾಗಿ ಜಾಲಿಮರಕ್ಕೆ ಮೂತಿ ತಗುಲಿಸಿ ನಿಂತಿತು. ಒಳಗಿದ್ದ ಹನ್ನೊಂದು ಜನ ಇಳಿದು ಮೈಕೊಡವಿಕೊಂಡರು.

ಮಧ್ಯಾಹ್ನವೇ ಕಂಪನಿ ಇನ್ನೊಂದು ವಿಮಾನ ಕಳಿಸಿತು. ಹನ್ನೊಂದು ಜನ ಹತ್ತಿದರು, ಸೀಟು ಇನ್ನೂ ಖಾಲಿಯಿತ್ತು. ಲೋಮುರಿಯಾನ ಹೆಂಡತಿ ಅಪುವಾ ಬಾಗಿಲ ಮೆಟ್ಟಿಲು ಹಿಡಿದು ಬೇಡಿದಳು. ಅವನನ್ನು ಮಾತ್ರ ಹತ್ತಿಸಲಿಲ್ಲ. ಹತ್ತಿಸಿದರೆ ಅವನು ಪ್ರಯಾಣಿಕನಾಗುತ್ತಾನೆ, ಪ್ರಯಾಣಿಕನಾದರೆ ಗಾಯಾಳುಗಳ ಪಟ್ಟಿಯಲ್ಲಿ ಅವನ ಹೆಸರು ಬರೆಯಬೇಕಾಗುತ್ತದೆ. ಕೊನೆಗೆ ಅಪರೂಪಕ್ಕೊಮ್ಮೆ ಬರುವ ಮೀನಿನ ಲಾರಿಯಲ್ಲಿ, ಬುಟ್ಟಿಗಳ ಮೇಲೆ ಮಲಗಿಸಿ ಒಂದೂವರೆ ದಿನ ಕುಲುಕಿಸಿಕೊಂಡು ಲೊಡ್ವಾರ್ ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಕಾಲು ಕೊಳೆತು ನಾರುತ್ತಿತ್ತು. ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಮರುದಿನ ವಾರ್ಡಿನ ರೇಡಿಯೋದಲ್ಲಿ ಕಂಪನಿಯ ದೊಡ್ಡವನೊಬ್ಬ ಮಾತಾಡಿದ. ಇಪ್ಪತ್ತೆರಡು ವರ್ಷಗಳಲ್ಲಿ ತಮ್ಮ ವಿಮಾನದಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ, ಈ ಸಲವೂ ಬಿದ್ದಿಲ್ಲ, ನಡೆದದ್ದು ಸ್ಥಳೀಯನೊಬ್ಬನ ಅಜಾಗರೂಕತೆ ಎಂದ. ಪಕ್ಕದ ಹಾಸಿಗೆಯ ಮುದುಕ ಕೇಳಿ ತಲೆದೂಗಿದ. "ಒಳ್ಳೇ ಕಂಪನಿ ಕಣಯ್ಯಾ," ಎಂದ. ಲೋಮುರಿಯಾ ಗೋಡೆಯ ಕಡೆ ತಿರುಗಿ ಮಲಗಿದ.

ಅವನಿಗೆ ಪರಿಹಾರದ ಆಸೆಯಿರಲಿಲ್ಲ. ತನ್ನ ಕೆಲಸದಲ್ಲಿ ತಾನು ತಪ್ಪಲಿಲ್ಲ ಎಂಬ ಒಂದು ಮಾತು ಬೇಕಿತ್ತು. ವಿಮಾನ ಸುತ್ತು ಹಾಕಲಿಲ್ಲವೆಂದು ಊರಿಗೆ ಊರೇ ಬಲ್ಲದು, ಹೇಳಿಯೇ ಹೇಳುತ್ತಾರೆ ಎಂದು ನಂಬಿದ್ದ. ಎಂಥ ಪೆದ್ದ.

ಅವನು ಮನೆಗೆ ಮರಳಿದ ವಾರ ನೈರೋಬಿಯಿಂದ ಕಂಪನಿಯ ಕಿರಾಗು ಸಾಹೇಬ ಜೀಪಿನಲ್ಲಿ ಬಂದ. ಮರದ ಕೆಳಗೆ ಜನ ಸೇರಿದರು. ವಿಮಾನ ಬರುವುದು ನಿಂತು ಒಂದು ತಿಂಗಳಾಗಿತ್ತು. ಮೀನು ಹುಳ ಬಿದ್ದು ಹೋಗುತ್ತಿತ್ತು, ದವಾಖಾನೆಯಲ್ಲಿ ಮಾತ್ರೆಯಿರಲಿಲ್ಲ.

"ಸುತ್ತು ಹಾಕದೆ ಇಳಿಸೋ ಪೈಲಟ್ ನಮ್ಮಲ್ಲಿಲ್ಲ," ಎಂದ ಕಿರಾಗು. "ಹಾಕಿಲ್ಲ ಅಂತ ನೀವಂದ್ರೆ ಸರ್ಕಾರದೋರು ಈ ಪಟ್ಟಿ ಮುಚ್ತಾರೆ. ನಾವು ಬೇರೆ ಊರು ನೋಡ್ಕೋತೀವಿ. ಯಾರಿಗೂ ಹೆದರ್ಬೇಡಿ, ನಿಜ ಹೇಳಿ."

ಮೊದಲು ಎದ್ದವಳು ಅತಾಬೊ. "ಹಾಕ್ತು ಸಾಹೇಬ್ರೆ. ಸದ್ದು ಕೇಳೇ ನಾನು ಚಹಾಕ್ಕೆ ನೀರಿಟ್ಟೆ."

"ನಿನ್ನ ಒಲೆ ಆರಿತ್ತಲ್ಲ ಅಕ್ಕಾ!" ಲೋಮುರಿಯಾ ಕೂಗಿದ.

"ನೀನು ನೆರಳಲ್ಲಿ ಮಲಗಿದ್ದೆ ಕಣೋ, ನಿನಗೇನು ಗೊತ್ತು," ಎಂದಳು. ಅವನ ಕಡೆ ನೋಡಲಿಲ್ಲ. "ಪಾಪ, ವಯಸ್ಸಾಯ್ತು ಸಾಹೇಬ್ರೆ."

ಮಲಗಿದ್ದ ಎಂಬ ಮಾತು ಜನಕ್ಕೆ ಸಿಕ್ಕಿದ್ದೇ ತಡ, ಎಲ್ಲರೂ ಅದನ್ನೇ ಹಿಡಿದರು. ಒಬ್ಬ ಗೊರಕೆ ಕೇಳಿದೆನೆಂದ. ಇನ್ನೊಬ್ಬ, ಕುಡಿದಿದ್ದ ಅಂತಲೂ ಬರ್ಕೊಳ್ಳಿ ಎಂದ. ಜನ ನಕ್ಕರು. ಹದಿನಾರು ವರ್ಷ ಅವನ ಸೀಟಿಗೆ ಕಿವಿಗೊಟ್ಟು ಬದುಕಿದ ಜನ.

ಕೊನೆಗೆ ಅಪುವಾ ಎದ್ದಳು. ಆ ದಿನ ಗಂಡನಿಗೆ ನೀರು ತಂದು ಪಟ್ಟಿಯ ಅಂಚಿನಲ್ಲೇ ನಿಂತಿದ್ದವಳು, ಎಲ್ಲರಿಗಿಂತ ಹತ್ತಿರದಿಂದ ಕಂಡವಳು. ಜನರ ನಗು ನಿಂತಿತು. ಲೋಮುರಿಯಾ ಊರುಗೋಲು ಊರಿ ಎದ್ದು ನಿಂತ. ಅವಳು ನೇರ ಕಿರಾಗುವಿನ ಬಳಿ ಹೋದಳು. ಸುತ್ತು ಹಾಕಿತು ಎಂದು ಅವನು ಬರೆದುಕೊಂಡಿದ್ದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಬಂದು ಕೂತಳು.

ಕಿರಾಗು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಅವಳ ಕೈಗೇ ಕೊಟ್ಟ. "ಅವನದೂ ಒಂದು ಬೇಕಮ್ಮಾ. ನಾಳೆ ಬೆಳಿಗ್ಗೆ ಕೊಡು. ಬಂದರೆ ಬುಧವಾರ ವಿಮಾನ, ಇಲ್ಲದಿದ್ರೆ ಇಲ್ಲ. ಅವನ ಗಾಯಕ್ಕೆ ಔಷಧಿನೂ ಅದರಲ್ಲೇ ಬರಬೇಕು, ಅಲ್ವಾ?"

ಗುಡಿಸಲಿನಲ್ಲಿ ಅಪುವಾ ಅವನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಗಾಯ ಮತ್ತೆ ಕೀವು ಕಟ್ಟಿತ್ತು. ಬಿಸಿನೀರಲ್ಲಿ ತೊಳೆದು ಅದೇ ಹಳೇ ಬಟ್ಟೆ ಸುತ್ತಿದಳು, ಮುದ್ದೆ ಮುರಿದು ಅವನ ಮುಂದಿಟ್ಟಳು, ತಟ್ಟೆಯ ಪಕ್ಕದಲ್ಲಿ ಕಾಗದ.

"ಅಪುವಾ," ಎಂದ. "ಅವರೆದುರು ಮಾಡಿದ್ದು ಬಿಡು, ಬೇಜಾರಿಲ್ಲ. ಇಲ್ಲಿ ಯಾರೂ ಇಲ್ಲ. ನನಗೊಬ್ಬನಿಗೆ ಹೇಳು, ಸಾಕು. ಹೇಳಿಬಿಟ್ರೆ ಹೆಬ್ಬೆಟ್ಟು ಹಾಕ್ತೀನಿ. ಆ ವಿಮಾನ ಸುತ್ತು ಹಾಕ್ತಾ?"

ನಿಜ ಹೇಳಿದರೆ ಅವನು ನಾಳೆ ಚಹಾದಂಗಡಿಯ ಮುಂದೆ ಕೂತು ಅದನ್ನೇ ಸಾರುತ್ತಾನೆ ಎಂದು ಅವಳಿಗೆ ಗೊತ್ತು. ಅವನೊಂದಿಗೆ ಮೂವತ್ತು ವರ್ಷ ಬಾಳಿದ್ದಳು.

"ಹಾಕ್ತು," ಎಂದಳು. "ನೀನು ಮಲಗಿದ್ದೆ."

ಅವನು ತಟ್ಟೆಯನ್ನು ಬದಿಗೆ ಸರಿಸಿದ. ಆಮೇಲೆ ಕೈ ಚಾಚಿದ. ಅವಳು ಬೆರಳಿಗೆ ಶಾಯಿ ಹಚ್ಚಿ, ಅಲುಗದಂತೆ ಹಿಡಿದು, ಕಾಗದದ ಮೇಲೆ ಒತ್ತಿಸಿದಳು.