ಆರ್ವಿಯಾದ ಸೊಟ್ಟ ಬೀದಿ

ಪಾಡುಸ್ ನದಿಯ ಬಯಲಿನಲ್ಲಿ ನೇರವಾದದ್ದು ಏನೇ ಕಂಡರೂ, ಅದು ಭೂಮಾಪಕರಾದ ಪೂಜ್ಯ ವತಿಯೇನರ ದಾರದಿಂದ ಹುಟ್ಟಿದ್ದೆಂದು ಕಣ್ಣುಮುಚ್ಚಿ ಹೇಳಬಹುದು. ಹನ್ನೊಂದು ಊರುಗಳಿಗೆ ಅವರು ಗೆರೆ ಎಳೆದರು. ಅವರು ತೂಗುಗುಂಡು ಇಳಿಬಿಟ್ಟರೆ ಗಾಳಿಯೂ ಅಪ್ಪಣೆ ಕೇಳಿ ಬೀಸುತ್ತಿತ್ತು. ಆ ನದಿಯೇ ಒಮ್ಮೆ ಅವರನ್ನು ಕಂಡು ನಾಚಿ ಎರಡು ಹರದಾರಿ ನೆಟ್ಟಗೆ ಹರಿಯಿತು. ನಲವತ್ತು ವರ್ಷಗಳ ಸೇವೆ ಮುಗಿಸಿ ಅಳತೆಗೋಲನ್ನು ಕೆಳಗಿಡುತ್ತಿರುವ ಇಂಥವರ ಹೆಸರು, ಆರ್ವಿಯಾ ಊರಿನ ಕಂಚಿನ ನಕ್ಷೆಯಲ್ಲಿ ಮಾತ್ರ, ಒಂದು ಸೊಟ್ಟ ಬೀದಿಯ ಕೆಳಗಿದೆ. ಅದರ ನಿಜವನ್ನು ಅವರ ಗೌರವದ ಈ ಅಭಿನಂದನಾ ಸಂಪುಟದಲ್ಲಿ ಹೇಳದಿದ್ದರೆ ಈ ಲೇಖಕನಿಗೆ ತುತ್ತು ಇಳಿಯದು.

ರೋಮಿನ ಚಕ್ರವರ್ತಿಗಳ ಹುಟ್ಟುಹಬ್ಬದ ಮೊದಲ ಬಿಸಿಲು ಆರ್ವಿಯಾದ ರಾಜಬೀದಿಯುದ್ದಕ್ಕೂ ಬಂದು, ಕೊನೆಯಲ್ಲಿರುವ ಅವರ ಬಲಿಪೀಠವನ್ನು ಮುಟ್ಟಬೇಕೆಂದು ಆಜ್ಞೆಯಾಗಿತ್ತು. ಗೆರೆ ಹಿಡಿಯಬೇಕಿದ್ದ ಆ ಹುಟ್ಟುಹಬ್ಬದ ದಿನವೇ ವತಿಯೇನರು ಚಳಿಜ್ವರದಲ್ಲಿದ್ದರು. "ಬಿಸಿಲು ಮೂಡಣ ಗುಡ್ಡದ ತಲೆ ಮೇಲೆ ಬರೋವರೆಗೂ ಕಾದು ಗೆರೆ ಹಿಡಿಯಪ್ಪ," ಎಂದು ಶಿಷ್ಯನಿಗೆ ಹೇಳಿದ್ದರು. ಹಿಂದಿನ ಸಂಜೆ ಲೋಕದ ಅರ್ಧ ದ್ರಾಕ್ಷಾರಸ ಕುಡಿದಿದ್ದ ಶಿಷ್ಯ ಎದ್ದದ್ದು ಬಿಸಿಲೇರಿದ ಮೇಲೆ. ಹೇಗೂ ಅಂದು ಹಗಲಿರುಳು ಸಮ, ಸೂರ್ಯ ಹುಟ್ಟುವುದು ನೆಟ್ಟಗೆ ಪೂರ್ವಕ್ಕೇ ಎಂದು, ಕೋಲಿನ ನೆರಳಿನಿಂದ ಪೂರ್ವ ಹುಡುಕಿ, ಗೂಟ ಹೊಡೆಸಿ ಎದೆಯುಬ್ಬಿಸಿದ. ಗುಡ್ಡ ಹತ್ತಿ ಬರುವಷ್ಟರಲ್ಲಿ ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆಂಬುದನ್ನು ಮರೆತ.

ಮರುವರ್ಷ ಆ ದಿನ ಊರೆಲ್ಲ ನೆರೆದಾಗ ಬಿಸಿಲು ಓರೆಯಾಗಿ ಬಂದು, ಪೀಠವನ್ನು ಬಿಟ್ಟು, ರೊಟ್ಟಿ ಮಾರುವ ಕಂದಿದಾಳ ಒಲೆಯ ಮೇಲೆ ಕುಳಿತಿತು.

"ಚಕ್ರವರ್ತಿಗಳ ಬೆಳಕು ರೊಟ್ಟಿ ಒಲೆಗಾ? ಯಾವನಯ್ಯಾ ದಾರ ಹಿಡಿದವನು?" ನಗರಾಧಿಕಾರಿ ಕಿರುಚಿದ ರಭಸಕ್ಕೆ ಏಳು ಊರಿನ ಪಾರಿವಾಳಗಳು ಹಾರಿದವು.

ಶಿಷ್ಯ ಗುಂಪಿನ ಹಿಂದಕ್ಕೆ ಸರಿದ. ತಪ್ಪೊಪ್ಪಿದ್ದರೆ ಅವನ ಕಸುಬು ಅಂದೇ ಮುಗಿಯುತ್ತಿತ್ತು.

"ನಾನೇ," ಎಂದರು ವತಿಯೇನರು. "ಸೂರ್ಯನ್ನ ಸರಿಸೋಕಾಗಲ್ಲ ಸ್ವಾಮಿ, ಪೀಠ ಸರಿಸಿ."

"ನಮ್ಮ ಬಾಗಿಲಲ್ಲೇ ಇಡಿ," ಎಂದಳು ಕಂದಿದಾ, "ನನ್ನ ಗಿರಾಕಿಗಳಿಗೆ ಒಂದಿಷ್ಟು ದಾರಿ ಬಿಡ್ರಪ್ಪ, ಸಾಕು!"

ಪೀಠ ಸರಿಯಿತು. ರೋಮಿನಲ್ಲಿ ಪ್ರಧಾನ ಭೂಮಾಪಕರಾಗಲಿದ್ದ ವತಿಯೇನರು ಮಾತ್ರ ಮುಂದಿನ ಇಪ್ಪತ್ತಾರು ವರ್ಷ ಇದೇ ಬಯಲಿನ ಕೆಸರಿನಲ್ಲಿ ಉಳಿದರು. ಶಿಷ್ಯ ಮೇಲೇರಿದ, ಇಂದು ಈ ಲೇಖನ ಬರೆಯುತ್ತಿದ್ದಾನೆ.

ಹೋದ ತಿಂಗಳು ಈ ನಿಜ ಬರೆಯಲು ಒಪ್ಪಿಗೆ ಕೇಳಹೋದಾಗ ಗುರುಗಳು ನಕ್ಕುಬಿಟ್ಟರು. "ಸುಮ್ನಿರೋ. ಆ ಸೊಟ್ಟ ಬೀದಿ ಒಂದಾದ್ರೂ ನನ್ನ ಹೆಸರಲ್ಲಿರಲಿ. ನೆಟ್ಟಗಿರೋದನ್ನ ಯಾರು ನೆನಪಿಟ್ಕೋತಾರೆ?"

ಗುರುವಿನ ಮಾತನ್ನು ಶಿಷ್ಯ ಎರಡನೆಯ ಸಲ ಮೀರುತ್ತಿದ್ದಾನೆ: ನಕ್ಷೆಯಲ್ಲಿ ಆ ಬೀದಿಯ ಗೆರೆಯ ಕೆಳಗೆ ತನ್ನ ಹೆಸರು ಕೊರೆಯಲು ಕಂಚುಗಾರನಿಗೆ ಹೇಳಿಯಾಗಿದೆ. ವತಿಯೇನರು ಆ ಮೂಡಣ ಗುಡ್ಡಕ್ಕಿಂತ ಹೆಚ್ಚು ಕಾಲ ಬಾಳಲಿ, ಹೊಸಬರ ಕೈಗೆ ತೂಗುಗುಂಡು ಕೊಟ್ಟು ಗದರುತ್ತಿರಲಿ. ಬರುವ ಹುಟ್ಟುಹಬ್ಬದ ಬೆಳಗ್ಗೆ ಅವರು ಬಿಸಿ ರೊಟ್ಟಿಗೆಂದು ಕಂದಿದಾಳ ಬಾಗಿಲಿಗೆ ಬರುವಷ್ಟರಲ್ಲಿ, ಅವರ ಶಿಷ್ಯ ಗುಡ್ಡದ ಕಡೆ ಮುಖಮಾಡಿ, ಎದ್ದು ಕಾಯುತ್ತಿರುತ್ತಾನೆ.