ಹೊಸತೊಡಕಿನ ದಿನ ತೂಗಿನಿಂತ ಕಬ್ಬಿಣ

ಯುಗಾದಿಯ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಅಂದು ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಹಾಗಾಗಿ ಬಾಗಲಗುಂಟೆಯಲ್ಲಿ ನನಗೆ ಒಂಟಿ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ, "ಇವತ್ತೊಂದಿನ ಒಬ್ನೇ ಉಣ್ಬ್ಯಾಡ. ಮದ್ಯಾನ ನಮ್ ಪಂಗ್ತೀಲಿ ಕೂತ್ಕೊ" ಅಂದಾಗ ತಕ್ಷಣ ಒಪ್ಪಿಕೊಂಡೆ. ಆ ಊರಿಗೆ ಬಂದು ಮೂರು ವರ್ಷವಾದರೂ ಯಾರ ಪಕ್ಕದಲ್ಲೂ ಕೂತು ಉಂಡವನಲ್ಲ ನಾನು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವುದು ನನ್ನ ಕೆಲಸ. ಸೂರಿನಡಿಯ ಗೂಡಿನಲ್ಲಿ ದಿನವೆಲ್ಲ ಒಬ್ಬನೇ. ಕೆಳಗಿನವರ ನೆತ್ತಿಗಳಷ್ಟೇ ಪರಿಚಯ. ಒಮ್ಮೆ ಅಜ್ಜಿಯ ಮುಂದೆ ಜಂಬ ಕೊಚ್ಚಿದ್ದೆ: ಎಷ್ಟೇ ಭಾರವಿರಲಿ ನಾನು ಬೆರಳಲ್ಲಿ ಎತ್ತುತ್ತೇನೆ, ಮುಂದೊಂದು ದಿನ ಮನುಷ್ಯ ಈ ಭೂಮಿಯ ಎಳೆತವನ್ನೇ ದೀಪದ ಹಾಗೆ ಆರಿಸಿಬಿಡುತ್ತಾನೆ ಎಂದು.

"ಆರ್ಸು, ಆರ್ಸು. ಆಮ್ಯಾಕೆ ಮುದ್ದೆ ತಟ್ಟೇಲಿ ನಿಲ್ತದಾ?" ಅಂದಿದ್ದಳು.

ಹೊಸತೊಡಕಿಗೆ ಅರ್ಧ ದಿನ ರಜೆ ಕೇಳಿದ್ದೆ. ಇಳಿಯುವ ಹೊತ್ತಿಗೆ ಕೆಳಗೆ ಸರಪಳಿ ಬಿಗಿಯುವವನು ಕೂಗಿದ: "ಇದೊಂದು ಎತ್ಬಿಟ್ಟು ಹೋಗು ಗುರು."

ಎತ್ತಿದೆ. ಎರಡು ಟನ್ ಕಬ್ಬಿಣ ನಡುಗಾಳಿಯಲ್ಲಿದ್ದಾಗ ಕರೆಂಟು ಹೋಯಿತು. ಬ್ರೇಕು ಕಚ್ಚಿಕೊಂಡು ಸರಕು ತೂಗುತ್ತ ನಿಂತಿತು. ಸರಕು ತೂಗುತ್ತಿರುವಾಗ ಕ್ರೇನಿನವನು ಗೂಡು ಬಿಟ್ಟು ಇಳಿಯುವಂತಿಲ್ಲ, ಅದು ನಿಯಮ. ಬ್ರೇಕನ್ನು ಕೈಯಲ್ಲಿ ಸಡಿಲಿಸಿ ಇಳಿಸಬಲ್ಲ ಮೇಸ್ತ್ರಿಯೊಬ್ಬನಿದ್ದ. ಅವನೂ ಹೊಸತೊಡಕಿಗೆ ರಜೆ ಹಾಕಿದ್ದ.

"ಎಷ್ಟೊತ್ತಾಗುತ್ತೋ?" ಎಂದು ಮೇಲಿನಿಂದ ಕೇಳಿದೆ.

"ಕರೆಂಟಿನೋರ ಮನೇಲೂ ಮಟನ್ ಬೇಯ್ತಿರ್ಬೇಕು ಕಣೋ. ಕೂತಿರು," ಅಂದ ಸರಪಳಿಯವನು.

ಊಟದ ಗಂಟೆ ಹೊಡೆಯಿತು. ನೆತ್ತಿಗಳು ಚದುರಿದವು. ನಾನೂ ಕಬ್ಬಿಣವೂ ಉಳಿದೆವು. ಇಷ್ಟು ದಿನ ನಾನು ಭೂಮಿಯ ಎಳೆತವನ್ನು ಗೆದ್ದದ್ದೇನೂ ಇರಲಿಲ್ಲ, ಸ್ವಲ್ಪ ಹೊತ್ತು ತಡೆದಿದ್ದೆ, ಅಷ್ಟೇ. ಕಬ್ಬಿಣ ಅಲ್ಲಾಡದೆ ನಿಂತಿದ್ದರೂ ಭೂಮಿ ಒಂದು ಗಳಿಗೆ ಬಿಡದೆ ಅದನ್ನು ಕರೆಯುತ್ತಲೇ ಇತ್ತು. ನನ್ನನ್ನು ಕರೆದಿದ್ದ ಮನೆಯಲ್ಲಿ ಪಂಕ್ತಿ ಏಳುತ್ತಿರಬೇಕು ಎಂದುಕೊಂಡೆ.

ಕರೆಂಟು ಬಂದದ್ದು ಸಂಜೆ. ಸರಕು ಇಳಿಸಿ, ನಾನೂ ಇಳಿದು ಓಡಿದೆ. ಅಜ್ಜಿಯ ಮನೆಗೆ ಬೀಗ. ಮನೆಮಂದಿಯೆಲ್ಲ ನೆಂಟರನ್ನು ಬಸ್ಸು ಹತ್ತಿಸಲು ಹೋಗಿದ್ದರು. ನನ್ನ ಹೊಸಿಲ ಮೇಲೊಂದು ಪಾತ್ರೆ, ಅದರ ಮೇಲೆ ತಟ್ಟೆ, ಬೆಕ್ಕು ಉರುಳಿಸದಿರಲೆಂದು ತಟ್ಟೆಯ ಮೇಲೊಂದು ಗುಂಡುಕಲ್ಲು.

ಎರಡು ಕೈಯಲ್ಲಿ ಕಲ್ಲನ್ನು ಎತ್ತಿದೆ. ಭಾರವಿತ್ತು. ಮುದ್ದೆ ಇಟ್ಟಲ್ಲೇ ಇತ್ತು; ಸಾರು ತಣ್ಣಗಾಗಿತ್ತು. ಬಾಗಿಲು ತೆರೆದಿಟ್ಟು ಒಬ್ಬನೇ ಕೂತು ಉಂಡೆ. ಆ ವರ್ಷವೂ ಹಾಗೇ ಹೋಯಿತು.