ಹದಿನೇಳು ಖಾಲಿ ಫೈಲುಗಳು

ಆಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿ, ಹೊದಿಕೆ ದಿಂಬುಗಳನ್ನಿಡುವ ಉಗ್ರಾಣದ ಪಕ್ಕ, ಮಾತಿನ ಕೋಣೆ ಇದೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾರೆ. ಇರುವ ಒಂದೇ ಕಿಟಕಿಯನ್ನೂ ಹೊರಗಿನ ಸದ್ದು ಬರಬಾರದೆಂದು ಹಲಗೆ ಹೊಡೆದು ಮುಚ್ಚಿದ್ದಾರೆ. ಪಾರ್ಶ್ವವಾಯು ಬಡಿದು ಮಾತು ನಿಂತುಹೋದವರು ವಾರಕ್ಕೊಮ್ಮೆ ಇಲ್ಲಿಗೆ ಬಂದು ಮತ್ತೆ ಮಾತು ಕಲಿಯುತ್ತಾರೆ. ಕಲಿಸುವ ಹೆಂಗಸಿಗೆ ಐವತ್ತೆರಡು ವರ್ಷ. ರೋಗಿಗಳೆಲ್ಲ ಅವಳನ್ನು ಮಾತಿನಕ್ಕ ಎನ್ನುತ್ತಾರೆ. ಹೆಸರು ಕೇಳಿ ಮೋಸಹೋಗಬೇಡಿ. ಕೇಳಿದಷ್ಟಕ್ಕೆ ಉತ್ತರ, ಅದರ ಮೇಲೆ ಒಂದಕ್ಷರ ಇಲ್ಲ. "ನಮ್ಮನೇವಳು ಸಂಬಳಕ್ಕೆ ಮಾತಾಡೋಳು, ಬಿಟ್ಟಿಯಾಗಿ ಬಾಯಿ ಬಿಡಲ್ಲ" ಎಂದು ಗಂಡ ನೆಂಟರ ಮುಂದೆ ನಗುತ್ತಾನೆ.

ಪ್ರತಿ ರೋಗಿಯ ಪ್ರತಿ ಪಾಠವನ್ನೂ ರೆಕಾರ್ಡ್ ಮಾಡಿಡಬೇಕೆಂಬುದು ಆ ಕೋಣೆಯ ನಿಯಮ. ಇರುವುದು ಒಂದು ಕಂಪ್ಯೂಟರು, ಅದರೊಳಗೆ ಎರಡು ಡ್ರೈವು. ಒಂದು ಚಿಕ್ಕದು, ಚುರುಕಿನದು. ಇನ್ನೊಂದು ದೊಡ್ಡದು, ಹಳೆಯದು, ಎಬ್ಬಿಸಿದರೆ ಗೊಣಗಿಕೊಂಡೇ ಏಳುವಂಥದ್ದು. ಮಾತಿನಕ್ಕ ಚಿಕ್ಕದಕ್ಕೆ ಅಡುಗೆಮನೆ ಎಂದಳು, ದೊಡ್ಡದಕ್ಕೆ ಅಟ್ಟ ಎಂದಳು. ಅಡುಗೆಮನೆಯಲ್ಲಿ ಅಂದಂದಿನ ಕೆಲಸ. ಸಂಜೆ ಐದಕ್ಕೆ ಅಂದಿನ ಫೈಲುಗಳು ಅಟ್ಟಕ್ಕೆ ಹೋಗಬೇಕು. ಅಲ್ಲಿ ತೆರೆದು, ಕೇಳಿ, ಸರಿಯಿದೆ ಎಂದು ಖಾತ್ರಿಯಾದ ಮೇಲೇ ಕೆಳಗಿನದನ್ನು ಅಳಿಸುವುದು.

ಅಟ್ಟವೂ ತುಂಬುತ್ತದಲ್ಲ, ಅದಕ್ಕೂ ಒಂದು ಕಟ್ಟುಪಾಡು. ಪ್ರತಿಯೊಬ್ಬರ ಮೊದಲ ದಿನದ್ದು ಇರಲೇಬೇಕು, ಈಚಿನದು ಇರಲೇಬೇಕು, ನಡುವೆ ತಿಂಗಳಿಗೊಂದು ಸಾಕು. ಉಳಿದದ್ದು ಹೋಗಬಹುದು, ಆದರೆ ಪೂರ್ತಿ ಕೇಳದೆ ಯಾವುದನ್ನೂ ಅವಳು ಕಳಿಸುವುದಿಲ್ಲ. ಪೆನ್‌ಡ್ರೈವ್ ಹಾಕೋಣವೆಂದರೆ, ರೋಗಿಗಳ ವಿಷಯ ಹೊರಗೆ ಹೋಗಬಾರದೆಂದು ಆಸ್ಪತ್ರೆಯವರು ಅದನ್ನು ಚುಚ್ಚುವ ತೂತುಗಳನ್ನೇ ಮುಚ್ಚಿಸಿದ್ದಾರೆ. ಇನ್ನೊಂದು ಡ್ರೈವ್ ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂಬರ್ಥದ ಉತ್ತರ ಮೂರು ಸಲವೂ ಬಂತು. ಬರೆದವರ ಹಾಸಿಗೆ ಎಷ್ಟು ಅಗಲವೋ ದೇವರಿಗೇ ಗೊತ್ತು. ಹನ್ನೊಂದು ವರ್ಷ ಅವಳು ಆ ಎರಡರಲ್ಲೇ ಸಂಸಾರ ತೂಗಿಸಿದ್ದಳು, ಒಬ್ಬರ ಮೊದಲ ದಿನವನ್ನೂ ಕಳೆದಿರಲಿಲ್ಲ.

ಅವಳ ರೋಗಿಗಳಲ್ಲಿ ಒಬ್ಬರು ಬಸ್ ಕಂಡಕ್ಟರು. ಮೂವತ್ತು ವರ್ಷ ನಿಲ್ದಾಣಗಳ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದ ಮನುಷ್ಯ, ಆರು ತಿಂಗಳ ಹಿಂದೆ ಒಂದು ಬೆಳಗ್ಗೆ ಹೆಂಡತಿಯ ಹೆಸರನ್ನೂ ಹೇಳಲಾರದೆ ಹೋದರು. ಈಗ ತಡೆದು ತಡೆದು ನಾಲ್ಕೈದು ಪದ ಜೋಡಿಸುತ್ತಾರೆ. ಆದರೆ ಅವರ ಮಟ್ಟಿಗೆ ಏನೂ ಸುಧಾರಿಸಿಲ್ಲ. ಶುಕ್ರವಾರ ಪಾಠ ಮುಗಿದಾಗ ಅವರನ್ನು ಮುಂದೆ ಕಳಿಸಿ ಹೆಂಡತಿ ಬಾಗಿಲಲ್ಲೇ ನಿಂತಳು.

"ಸೋಮವಾರ ಡಾಕ್ಟ್ರನ್ನ ನೋಡೋದೇ ಕೊನೆ ಅಂತೆ ಅಕ್ಕ. ಆಮೇಲೆ ಬರಲ್ವಂತೆ. ಬೆಳಗ್ಗಿಂದ 'ಸಾಕು, ಸಾಕು' ಇದೊಂದೇ ಮಾತು."

"ಸೋಮವಾರ ಅವರ ಮೊದಲನೇ ದಿನದ್ದು ಕೇಳಿಸ್ತೀನಿ," ಎಂದಳು ಮಾತಿನಕ್ಕ. "ಆಮೇಲೆ ಅವರಿಷ್ಟ."

ಡಾಕ್ಟರೂ ಅದನ್ನೇ ಕೇಳುವವರಿದ್ದರು. ಮೊದಲ ದಿನದ್ದನ್ನೂ ಈಚಿನದನ್ನೂ ಪಕ್ಕಪಕ್ಕ ಇಟ್ಟು ಕೇಳಿ, ಇನ್ನೂ ಮೂರು ತಿಂಗಳು ಪಾಠ ಕೊಡುವುದೋ ಬಿಡುವುದೋ ಎಂದು ಅವರು ಬರೆಯಬೇಕಿತ್ತು.

ಅದೇ ಮಧ್ಯಾಹ್ನ ಮಾತಿನಕ್ಕ ವಾರ್ಡಿನಲ್ಲಿ ಮಲಗಿದ್ದ ರೋಗಿಯೊಬ್ಬರನ್ನು ನೋಡಲು ಹೋಗಿದ್ದಾಗ ಕಂಪ್ಯೂಟರಿನವನು ಬಂದು ಹೋದ. ಅಟ್ಟ ತುಂಬಿದೆ, ಒಂದು ವಾರದಿಂದ ಏನೂ ಹತ್ತುತ್ತಿಲ್ಲ ಎಂದು ಅವಳೇ ದೂರು ಕೊಟ್ಟಿದ್ದಳು. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಒಬ್ಬನೇ ನೋಡಿಕೊಳ್ಳುವ ಒಳ್ಳೆಯ ಮನುಷ್ಯ ಅವನು, ಅವಸರ ಒಂದೇ ಅವನಿಗಿರುವ ಕಾಯಿಲೆ. ಸಂಜೆ ಬಂದು ನೋಡಿದರೆ ಅಟ್ಟದಲ್ಲಿ ಧಾರಾಳ ಜಾಗ. ಅವಳು ಖುಷಿಯಾಗಿ, ವಾರದಿಂದ ಕೆಳಗೆ ಉಳಿದಿದ್ದ ಫೈಲುಗಳನ್ನೆಲ್ಲ ಏರಿಸಿ ಮನೆಗೆ ಹೋದಳು.

ಶನಿವಾರ ಬೆಳಗ್ಗೆ ಕೀಬೋರ್ಡಿನ ಕೆಳಗೆ ಅವನ ಚೀಟಿ ಸಿಕ್ಕಿತು. "ಅಕ್ಕ, ಹದಿನೇಳು ಖಾಲಿ ಫೈಲು ಸುಮ್ನೆ ಜಾಗ ತಿಂತಿದ್ವು. ಏನೂ ರೆಕಾರ್ಡ್ ಆಗಿರ್ಲಿಲ್ಲ. ತೆಗೆದುಹಾಕಿದೀನಿ. ಇನ್ನು ಆರಾಮ."

ಅವಳು ಚೀಟಿಯನ್ನು ಎರಡು ಸಲ ಓದಿದಳು. ಅವು ಖಾಲಿ ಫೈಲುಗಳಲ್ಲ. ಮೊದಲ ದಿನ ಅವಳು ರೋಗಿಯ ಮುಂದೆ ಒಂದು ಚಿತ್ರ ಇಡುತ್ತಾಳೆ, ರೆಕಾರ್ಡಿಂಗ್ ಶುರುಮಾಡುತ್ತಾಳೆ, ತಾನೂ ಬಾಯಿ ಬಿಡದೆ ಕಾಯುತ್ತಾಳೆ. ಏನೂ ಹೇಳಲಾಗದವರು ಏನೂ ಹೇಳುವುದಿಲ್ಲ. ಆ ಹತ್ತು ಹನ್ನೆರಡು ನಿಮಿಷಗಳೇ ಆ ಫೈಲು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಕಂಪ್ಯೂಟರಿನವನೂ ಮಾಡಿದ್ದಾನು. ಬಂಗಾರ ಕೈಗೆ ಬಂದಾಗ ಕಸದ ಜೊತೆ ಗುಡಿಸಿಬಿಟ್ಟ.

ಬೇರೆಯವರಾಗಿದ್ದರೆ ಕೂಗಾಡಿ ಮೇಲಿನವರಿಗೆ ಕಾಗದ ಬರೆಯುತ್ತಿದ್ದರು. ಅವಳು ಮೊದಲು ಅಟ್ಟಕ್ಕೆ ಏನೂ ಏರದ ಹಾಗೆ ನೋಡಿಕೊಂಡಳು. ಅಳಿಸಿದ ಫೈಲು ಆಗಲೇ ಸಾಯುವುದಿಲ್ಲ, ಪಟ್ಟಿಯಿಂದ ಹೆಸರಷ್ಟೇ ಹೋಗಿರುತ್ತದೆ. ಅದರ ಜಾಗದಲ್ಲಿ ಬೇರೆಯದು ಕೂತಾಗಲೇ ಅದು ಹೋಗುವುದು. ಇದು ಅವಳಿಗೆ ಗೊತ್ತಿತ್ತು. ನಿನ್ನೆ ಸಂಜೆ ತಾನೇ ಕೈಯಾರೆ ಒಂದು ವಾರದ ಫೈಲುಗಳನ್ನು ಅಲ್ಲಿ ಕೂರಿಸಿದ್ದೂ ಗೊತ್ತಿತ್ತು. ಯಾರ ಮೊದಲ ದಿನದ ಮೇಲೆ ಕೂರಿಸಿದ್ದಳೋ ಅದು ಮಾತ್ರ ಗೊತ್ತಿರಲಿಲ್ಲ.

ಫೋನು ಮಾಡಿದ ಹತ್ತು ನಿಮಿಷಕ್ಕೆ ಕಂಪ್ಯೂಟರಿನವನು ಓಡಿಬಂದ.

"ಅಕ್ಕ, ಪರದೆ ಮೇಲೆ ಸದ್ದಿನ ಗೆರೆ ನೆಟ್ಟಗಿತ್ತು. ಒಂದು ಸದ್ದೂ ಇರ್ಲಿಲ್ಲ."

"ಕೇಳಿದ್ಯಾ?"

"ನೋಡ್ದೆ."

"ಕೇಳೋದನ್ನ ನೋಡಿದ್ರೆ ಏನಪ್ಪ ಗೊತ್ತಾಗತ್ತೆ?"

ಅವನು ತಲೆ ತಗ್ಗಿಸಿ ಕೆಲಸಕ್ಕೆ ಕೂತ. ಹುಡುಕಿ ತೆಗೆದದ್ದನ್ನು ಮತ್ತೆ ಅಟ್ಟದಲ್ಲೇ ಇಡುವಂತಿಲ್ಲ, ಇಟ್ಟರೆ ಉಳಿದದ್ದೂ ಹಾಳು. ಅಡುಗೆಮನೆಗೇ ತರಬೇಕು. ಅಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲ, ಆಸ್ಪತ್ರೆಯ ನಿರ್ದೇಶಕರ ಎರಡೂವರೆ ಗಂಟೆಯ ವಾರ್ಷಿಕ ಭಾಷಣ ಕಾಲು ಚಾಚಿ ಮಲಗಿತ್ತು. ಎಲ್ಲ ಕಂಪ್ಯೂಟರಿಗೂ ಅದನ್ನು ಹಾಕಿಹೋಗಿದ್ದವನೂ ಇವನೇ.

"ಅಳಿಸೋ ಮುಂಚೆ ಇದನ್ನೂ ಪೂರ್ತಿ ಕೇಳ್ಬೇಕಾ ಅಕ್ಕ?"

"ಬೇಡಪ್ಪ. ಸಭೇಲೇ ಕೇಳಿ ಅನುಭವಿಸಿದೀನಿ."

ಭಾಷಣ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹದಿನೇಳರಲ್ಲಿ ಹದಿನಾಲ್ಕು ಮೇಲೆದ್ದು ಬಂದವು, ಮೂರು ಬರಲಿಲ್ಲ. ಬಂದವಕ್ಕೂ ಹೆಸರಿಲ್ಲ, ತಾರೀಖಿಲ್ಲ, ಬರೀ ಒಂದು, ಎರಡು, ಮೂರು ಎಂಬ ಸಂಖ್ಯೆ.

"ಎಲ್ಲಾ ಒಂದೇ ಥರ ಇವೆಯಲ್ಲ," ಎಂದು ಅವನು ತಲೆ ಮೇಲೆ ಕೈ ಹೊತ್ತ. "ಯಾರದ್ದು ಯಾವುದು ಅಂತ ಹೇಗೆ ಹೇಳೋದು?"

ಮಾತಿನಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಎರಡು ನಿಮಿಷಕ್ಕೆ ಅದನ್ನು ಅವನ ಕಿವಿಗೆ ಇಟ್ಟಳು.

"ಇದು ಟೈಲರು. ಮೇಜಿನ ಕೆಳಗೆ ಕಾಲು ತುಳೀತಾನೇ ಇದಾರೆ, ಕೇಳು."

ಅವನು ಉಸಿರು ಬಿಗಿಹಿಡಿದು ಕೇಳಿದ. ಹೌದು, ಮಿಷಿನ್ ತುಳಿಯುವ ಕಾಲು ನಿಂತಿರಲಿಲ್ಲ. ಇನ್ನೊಂದರಲ್ಲಿ ಮೂಗಿನಿಂದ ಸಣ್ಣ ಸಿಳ್ಳೆ, ಅದು ಮೀನು ಮಾರುವ ಅಜ್ಜಿ. ಮತ್ತೊಂದರಲ್ಲಿ ಅಳು ನುಂಗಿದ ಸದ್ದು, ಅದು ಹೊಸದಾಗಿ ಮದುವೆಯಾಗಿದ್ದ ನರ್ಸು. ಹಾಗೆ ಒಂದೊಂದಕ್ಕೇ ಹೆಸರಿಡುತ್ತ ಹೋದಳು. ಕಂಪ್ಯೂಟರಿನವನು ಊಟಕ್ಕೆ ಏಳದೆ ಮೂಗಿನ ಮೇಲೆ ಬೆರಳಿಟ್ಟು ಕೂತ. ಜನರ ಮಾತು ನೆನಪಿಟ್ಟುಕೊಳ್ಳುವವರನ್ನು ಅವನೂ ಕಂಡಿದ್ದ. ಆಡದೆ ಉಳಿದದ್ದನ್ನು ಹೀಗೆ ನೆನಪಿಟ್ಟವಳನ್ನು ಕಂಡಿರಲಿಲ್ಲ. ನಾನೂ ಕಂಡಿಲ್ಲ.

ಹನ್ನೆರಡು ಮುಗಿದರೂ ಕಂಡಕ್ಟರದ್ದು ಸಿಗಲಿಲ್ಲ. ಹದಿಮೂರನೆಯದನ್ನು ಹಾಕಿದಳು. ಮೂರು ನಿಮಿಷ ಏನೂ ಇಲ್ಲ. ಆಮೇಲೆ ಮೇಜಿನ ಮೇಲೆ ಎರಡು ತಟ್ಟು, ಹೊರಡು ಎಂದು ಡ್ರೈವರಿಗೆ ಕೊಡುವಂಥವು. ಅದರ ಹಿಂದೆಯೇ ಎಳೆದುಕೊಂಡ ಉಸಿರು, ಬಾರದ ಮಾತು. ಮತ್ತೆ ಎರಡು ತಟ್ಟು.

"ಸಿಕ್ಕಿದ್ರು," ಎಂದಳು. ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಮುಚ್ಚಿಡಲಿಲ್ಲ.

ಮರಳಿ ಬಾರದ ಮೂವರ ಮನೆಗೂ ಅವಳೇ ಫೋನು ಮಾಡಿ, ನಿಮ್ಮದು ಕಳೆದುಹೋಯಿತು, ತಪ್ಪು ನಮ್ಮದು ಎಂದು ಹೇಳಿದಳು. ಕಂಪ್ಯೂಟರಿನವನ ಹೆಸರು ಎತ್ತಲಿಲ್ಲ.

ಸೋಮವಾರ ಡಾಕ್ಟರು, ಕಂಡಕ್ಟರು, ಅವರ ಹೆಂಡತಿ ಮೂವರೂ ಮಾತಿನ ಕೋಣೆಯಲ್ಲಿ ಕೂತರು. ಮಾತಿನಕ್ಕ ಮೊದಲ ದಿನವನ್ನು ಹಾಕಿದಳು. ಎರಡು ನಿಮಿಷ ಕಳೆಯುತ್ತಲೇ ಡಾಕ್ಟರು ಗಡಿಯಾರ ನೋಡಿ, "ಸ್ವಲ್ಪ ಮುಂದಕ್ಕೆ ಓಡಿಸಿ" ಎಂದರು. ಬೇಡ ಎಂದು ಕಂಡಕ್ಟರು ಕೈ ಎತ್ತಿದರು. ಪೂರ್ತಿ ಹನ್ನೊಂದು ನಿಮಿಷ ನಾಲ್ವರೂ ಕೇಳಿದರು. ಹೆಂಡತಿ ಮಾತ್ರ ನಡುವೆ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಕಳೆದ ಶುಕ್ರವಾರದ್ದು. "ಬಸ್ಸು… ತಡ… ಆಯ್ತು… ಇವತ್ತು."

"ಮೂರು ತಿಂಗಳು ಬರೆದಿದ್ದೀನಿ," ಎಂದರು ಡಾಕ್ಟರು. "ಬರೋದು ಬಿಡೋದು ನಿಮಗೆ ಬಿಟ್ಟಿದ್ದು."

ಕಂಡಕ್ಟರು ಡಾಕ್ಟರ ಕಡೆ ತಿರುಗಲೇ ಇಲ್ಲ. ಮಾತಿನಕ್ಕನನ್ನೇ ನೋಡುತ್ತಿದ್ದರು.

"ಅಷ್ಟು… ಹೊತ್ತು… ನೀವು… ಸುಮ್ನೆ… ಕಾದ್ರಾ?"

"ಮಾತಾಡೋ ಸರದಿ ನಿಮ್ಮದಿತ್ತಲ್ಲ," ಎಂದಳು ಅವಳು.

ಅವರು ತುಸು ಹೊತ್ತು ಕೂತರು. ಯಾರೂ ಅವಸರ ಮಾಡಲಿಲ್ಲ.

"ಶುಕ್ರವಾರ," ಎಂದರು. "ಬರ್ತೀನಿ."